ಬಡಾವಣೆಯ ನೆಲೆಪಲ್ಲಟ: ಅದನ್ನು ಗಮನಿಸುವ ಕ್ರಮ

ಯಾದಗಿರಿ ಜಿಲ್ಲೆಯ ವಡಗೇರಾ, ಶಹಾಪುರ, ಸುರಪುರ ಸೀಮೆಗಳಿಂದ ಅನೇಕ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಕಟ್ಟಡದ ಕೆಲಸವನ್ನು ಅರಸಿ ಬೆಂಗಳೂರಿಗೆ ಹೋಗುವುದು ನಮ್ಮ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅಲ್ಲಿಯ ಹಳೆಯ ಬಡಾವಣೆಯೊಂದರಲ್ಲಿ ಹೆಂಚಿನ ಮನೆಯನ್ನು ಕೆಡವಿ ನಾಲ್ಕು ಅಂತಸ್ತಿನ ಕಟ್ಟಡವನ್ನು ಎಬ್ಬಿಸುವಾಗ, ಪಾಯ ತೋಡುವವರಲ್ಲಿ, ಗಾರೆ ಹೊರುವವರಲ್ಲಿ, ಕಂಬಿ ಕಟ್ಟುವವರಲ್ಲಿ ಇಂತಹ ವಲಸೆಗಾರರು ಬಹಳ ಮಂದಿ ಇರುತ್ತಾರೆ. ಕೆಲಸ ಮುಗಿಯುವವರೆಗೆ ಅವರ ಸಂಸಾರ ಪಕ್ಕದ ಖಾಲಿ ನಿವೇಶನದ ತಗಡಿನ ಷೆಡ್ಡಿನಲ್ಲಿ. ಮುಗಿದೊಡನೆ ಆ ಷೆಡ್ಡನ್ನು ಕಿತ್ತುಹಾಕುತ್ತಾರೆ. ಕೆಡವಿದ ಮನೆಯ ಹಿತ್ತಿಲಿನಲ್ಲಿ ಬಾಡಿಗೆಗಿದ್ದ ಸಂಸಾರವಂತೂ ಅದಕ್ಕೂ ಮೊದಲೇ ಗಂಟುಮೂಟೆ ಕಟ್ಟಿರುತ್ತದೆ. ಒಂದು ವರ್ಷದ ಬಳಿಕ ಆ ದಾರಿಯಲ್ಲಿ ಹೋಗುವವನಿಗೆ ಹೊಸ ಕಟ್ಟಡವೊಂದೇ ಕಾಣುತ್ತದೆ.

ನಗರದ ಬದಲಾವಣೆಯನ್ನು ಅಭ್ಯಾಸಮಾಡಲು ಹೊರಟ ವಿದ್ಯಾರ್ಥಿಗೆ ಎದುರಾಗುವ ಮೊದಲ ತೊಡಕು ಇದೇ. ಬಂದವರು ಕಣ್ಣಿಗೆ ಬೀಳುತ್ತಾರೆ, ಹೋದವರು ಬೀಳುವುದಿಲ್ಲ. ಕಣ್ಣಿಗೆ ಬೀಳದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ನಮ್ಮ ಗಮನಿಕೆಯನ್ನು ಹೇಗೆ ಕ್ರಮಪಡಿಸಬೇಕೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಹೆಸರು ಮತ್ತು ಅರ್ಥ

ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಅವರು 1964ರಲ್ಲಿ ಈ ವಿದ್ಯಮಾನಕ್ಕೆ ‘ಜೆಂಟ್ರಿಫಿಕೇಷನ್’ ಎಂಬ ಹೆಸರನ್ನಿಟ್ಟರು. ‘ಜೆಂಟ್ರಿ’ ಎಂದರೆ ಇಂಗ್ಲೆಂಡಿನ ಹಳೆಯ ಜಮೀನುದಾರಿ ಕುಲೀನವರ್ಗ. ಆ ಶಬ್ದದಲ್ಲಿ ಸ್ವಲ್ಪ ವ್ಯಂಗ್ಯವೂ ಇತ್ತು. ಲಂಡನ್ನಿನಲ್ಲಿ ದುಡಿಯುವ ಜನರು ವಾಸಿಸುತ್ತಿದ್ದ ಕೇರಿಗಳಿಗೆ ಮಧ್ಯಮವರ್ಗದವರು ಬಂದು, ಹಳೆಯ ಮನೆಗಳನ್ನು ಕೊಂಡು ದುರಸ್ತಿಮಾಡಿಸಿಕೊಂಡು ನೆಲಸತೊಡಗಿದ್ದನ್ನು ಅವರು ಕಂಡರು. ಒಮ್ಮೆ ಆರಂಭವಾದರೆ, ಹಿಂದಿನ ನಿವಾಸಿಗಳಲ್ಲಿ ಬಹುಮಂದಿ ಅಲ್ಲಿಂದ ಹೊರಡುವವರೆಗೂ ಈ ಕ್ರಿಯೆ ನಿಲ್ಲದೆ ಸಾಗುವುದೆಂಬುದನ್ನೂ ಗುರುತಿಸಿದರು.

ಆದುದರಿಂದ ಈ ವಿದ್ಯಮಾನಕ್ಕೆ ಎರಡು ಅಂಗಗಳಿವೆ. ಹೆಚ್ಚು ಹಣವುಳ್ಳವರು ಅಥವಾ ಹೆಚ್ಚು ಆದಾಯದ ವ್ಯಾಪಾರಗಳು ಒಂದು ಸ್ಥಳಕ್ಕೆ ಬರುವುದು ಮೊದಲನೆಯದು. ಆ ಕಾರಣದಿಂದಲೇ ಅಲ್ಲಿಯ ಹಿಂದಿನ ಜನರು ಇರಲಾರದೆ ಹೋಗುವುದು ಎರಡನೆಯದು. ಎರಡೂ ಕೂಡಿದಾಗ ಮಾತ್ರ ನಾವು ಅದನ್ನು ಈ ಹೆಸರಿನಿಂದ ಕರೆಯಬಹುದು. ಕನ್ನಡದಲ್ಲಿ ಇದನ್ನು ‘ನೆಲೆಪಲ್ಲಟ’ ಎಂದು ಕರೆದರೆ ಎರಡು ಅಂಗಗಳೂ ಅದರಲ್ಲಿ ಅಡಕವಾಗುತ್ತವೆ.

ಇದನ್ನೇ ಹೋಲುವ ಬೇರೆ ಸಂಗತಿಗಳನ್ನು ಇದರಿಂದ ಬೇರ್ಪಡಿಸಬೇಕು. ಬಯಲಿನಲ್ಲಿ ಹೊಸ ಬಡಾವಣೆ ಏಳುವುದು ನಗರದ ಬೆಳವಣಿಗೆ. ಇದ್ದ ಸಂಸಾರವೇ ಅನುಕೂಲಸ್ಥವಾಗಿ ತನ್ನ ಮನೆಯ ಮೇಲೆ ಮಾಳಿಗೆ ಕಟ್ಟಿಕೊಂಡರೆ ಅದು ಏಳಿಗೆ. ಅಧಿಕಾರಿಗಳು ಆಜ್ಞೆ ಹೊರಡಿಸಿ ಜನರನ್ನು ಎಬ್ಬಿಸಿದರೆ ಅದು ತೆರವು. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ, ಆರ್ಥಿಕವಾಗಿ ದುರ್ಬಲರಾದವರಿಗೆಂದು ಹಿಂದೆ ಕಟ್ಟಿದ್ದ ವಸತಿಗೃಹಗಳ ನೆಲದಲ್ಲಿ ಷೆಡ್ಡುಗಳಲ್ಲಿದ್ದ ಸಾವಿರಕ್ಕೂ ಮಿಕ್ಕ ಕುಟುಂಬಗಳನ್ನು ಹೀಗೆ ಎಬ್ಬಿಸಲಾಯಿತು. ಆ ನೆಲದ ಒಂದು ಭಾಗದಲ್ಲಿ ವಾಣಿಜ್ಯ ಸಂಕೀರ್ಣವನ್ನು ಕಟ್ಟುವುದು ಆಗಿನ ಯೋಜನೆಯಾಗಿತ್ತು. ಇಂತಹ ತೆರವು ಒಂದೆರಡು ದಿನಗಳಲ್ಲಿ ನಡೆದುಹೋಗುತ್ತದೆ, ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ನೆಲೆಪಲ್ಲಟವು ಹತ್ತಾರು ವರ್ಷ ನಡೆಯುತ್ತದೆ. ಒಂದೊಂದು ಮನೆಯಾಗಿ, ಒಂದೊಂದು ಬಾಡಿಗೆಯ ಕರಾರಾಗಿ ಸಾಗುವುದರಿಂದ ಅದು ಯಾವ ದಿನದ ಸುದ್ದಿಯೂ ಆಗುವುದಿಲ್ಲ. ಕ್ರಮಬದ್ಧವಾದ ಗಮನಿಕೆ ಬೇಕಾಗುವುದು ಈ ಕಾರಣಕ್ಕಾಗಿಯೇ.

ಕಾರಣವೇನು?

1979ರಲ್ಲಿ ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ ಅವರು ಇದಕ್ಕೆ ಒಂದು ವಿವರಣೆಯನ್ನು ಕೊಟ್ಟರು. ಒಂದು ನೆಲದಿಂದ ಈಗ ಬರುತ್ತಿರುವ ಉತ್ಪತ್ತಿ ಒಂದು. ಅದೇ ನೆಲವನ್ನು ಅತ್ಯಂತ ಲಾಭಕರವಾಗಿ ಬಳಸಿದರೆ ಬರಬಹುದಾದ ಉತ್ಪತ್ತಿ ಇನ್ನೊಂದು. ಇವುಗಳ ನಡುವಣ ಅಂತರವನ್ನು ‘ಬಾಡಿಗೆಯ ಅಂತರ’ ಎನ್ನೋಣ. ಅಂತರವು ಸಾಕಷ್ಟು ಹಿಗ್ಗಿದಾಗ ಬಂಡವಾಳವು ಅಲ್ಲಿಗೆ ಹರಿದುಬರುತ್ತದೆ.

ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಂದು ಹಳೆಯ ವಠಾರದಲ್ಲಿ ಎಂಟು ಸಂಸಾರಗಳಿವೆ, ಒಂದೊಂದೂ ತಿಂಗಳಿಗೆ 5,000 ರೂಪಾಯಿ ಬಾಡಿಗೆ ಕೊಡುತ್ತದೆ ಎಂದು ಭಾವಿಸೋಣ. ಮಾಲೀಕನಿಗೆ ಬರುವ ಒಟ್ಟು ಬಾಡಿಗೆ 40,000 ರೂ. ಅದೇ ನಿವೇಶನದಲ್ಲಿ ಕೆಳಗೆ ಹೋಟೆಲು, ಮೇಲೆ ಕಚೇರಿಗಳು ಇರುವ ಕಟ್ಟಡವಾದರೆ 2,40,000 ರೂ. ಬರುವಂತಿದ್ದರೆ, ಅಂತರ ತಿಂಗಳಿಗೆ 2,00,000 ರೂ., ವರ್ಷಕ್ಕೆ 24,00,000 ರೂ. ಆಯಿತು. ಹೊಸ ಕಟ್ಟಡಕ್ಕೆ 1,20,00,000 ರೂ. ತಗಲುವುದಾದರೆ, ಬಡ್ಡಿಯನ್ನು ಬಿಟ್ಟು ಹೇಳುವುದಾದಲ್ಲಿ, ಐದು ವರ್ಷಗಳಲ್ಲಿ ಹಾಕಿದ ಹಣ ಹಿಂದಿರುಗುತ್ತದೆ. ಮಾಲೀಕನು ದುಷ್ಟನಾಗಿರಬೇಕಾದುದಿಲ್ಲ, ಲೆಕ್ಕ ಬಲ್ಲವನಾದರೆ ಸಾಕು, ಎಂಟು ಸಂಸಾರಗಳು ಬೀದಿಗೆ ಬರುತ್ತವೆ.

ಅಂತರವು ಎರಡು ತುದಿಗಳಿಂದಲೂ ಹಿಗ್ಗಬಲ್ಲದು. ಹತ್ತಿರದಲ್ಲಿ ಮೆಟ್ರೋ ನಿಲ್ದಾಣವೋ ದೊಡ್ಡ ಕಚೇರಿಯೋ ಬಂದರೆ ಮೇಲಿನ ತುದಿ ಏರುತ್ತದೆ. ಹಳೆಯ ಮನೆಗೆ ಸುಣ್ಣಬಣ್ಣ, ದುರಸ್ತಿ ಇಲ್ಲದೆ ಹೋದರೆ ಕೆಳಗಿನ ತುದಿ ಇಳಿಯುತ್ತದೆ. ಆದಕಾರಣ ವಠಾರದ ಸೋರುವ ಮಾಡೂ ಒಂದು ಚಿಹ್ನೆಯೇ.

ಕಾನೂನಿನ ಆಸರೆ ಎಷ್ಟೆಂಬುದನ್ನೂ ಇಲ್ಲಿ ನೋಡಬೇಕು. ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ 1999ರ ಬಾಡಿಗೆ ಕಾಯಿದೆಯು 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ.ಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ಈ ಕಾಯಿದೆಯು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ನಮ್ಮ ಉದಾಹರಣೆಯ ಎಂಟು ಸಂಸಾರಗಳೂ ಈ ಗೆರೆಯ ಆಚೆಗೇ ಬೀಳುತ್ತವೆ. ಅವುಗಳ ಕೈಯಲ್ಲಿರುವುದು ಸಾಮಾನ್ಯವಾಗಿ ಹನ್ನೊಂದು ತಿಂಗಳ ಕರಾರುಪತ್ರ ಮಾತ್ರ.

ಬೆಂಗಳೂರಿನ ಎರಡು ಪಾಠಗಳು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ರಚಿಸಿದರು. ಮಲ್ಲೇಶ್ವರದ ಅಂಚಿನಲ್ಲಿ, ಸಂಪಿಗೆ ರಸ್ತೆಯ ತುದಿಯಲ್ಲಿ, ಜನರು ರಾಜಾ ಮಿಲ್ ಎಂದು ಕರೆಯುತ್ತಿದ್ದ ಬಟ್ಟೆಯ ಗಿರಣಿಯಿತ್ತು. ಗಿರಣಿ ನಿಂತುಹೋದ ಮೇಲೆ ಅದೇ ನೆಲದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಎಂಬ ಬೃಹತ್ ಮಾಲ್ ತೆರೆಯಿತು. 2014ರ ಮಾರ್ಚ್ 1ರಂದು ಅದರ ಮಗ್ಗುಲಲ್ಲಿಯೇ ಮೆಟ್ರೋ ನಿಲ್ದಾಣವೂ ಆರಂಭವಾಯಿತು.

ಅವಸರದ ವಿದ್ಯಾರ್ಥಿಯು ಈ ಮಾಲನ್ನು ಕಂಡು “ಇಲ್ಲಿ ನೆಲೆಪಲ್ಲಟವಾಗಿದೆ” ಎಂದು ಬರೆದುಬಿಡಬಹುದು. ಆದರೆ ಗಿರಣಿ ಮುಚ್ಚಿದ್ದು ಮಾಲ್ ಬರುವ ಮೊದಲು. ಕಾರ್ಮಿಕರ ಅನ್ನ ಹೋದದ್ದು ಅವರ ಮನೆಯ ಬಾಡಿಗೆ ಏರುವ ಮೊದಲು. ಬಡಾವಣೆಯ ಒಳರಸ್ತೆಗಳಲ್ಲಿಯಾದರೋ ಸ್ವಂತ ಮನೆಯುಳ್ಳ ಮಧ್ಯಮವರ್ಗದವರು ತಲೆಮಾರುಗಳಿಂದ ಇದ್ದಾರೆ. ಅವರಲ್ಲಿ ಕೆಲವರು ಹಳೆಯ ಮನೆಯನ್ನು ಕಟ್ಟಡಗಾರನಿಗೆ ವಹಿಸಿ, ಅದೇ ನೆಲದ ಹೊಸ ಕಟ್ಟಡದಲ್ಲಿ ಫ್ಲಾಟುಗಳನ್ನು ಪಡೆದು ಅಲ್ಲಿಯೇ ಉಳಿದಿದ್ದಾರೆ. ಇಂತಹ ಕಡೆ ಕೇಳಬೇಕಾದ ಪ್ರಶ್ನೆ ಬೇರೆ: ಆ ಮನೆಯ ಹಿಂಬದಿಯ ಕೋಣೆಗಳಲ್ಲಿ ಬಾಡಿಗೆಗಿದ್ದವರು ಎಲ್ಲಿಗೆ ಹೋದರು? ಘಟನೆಗಳ ಕಾಲಕ್ರಮವನ್ನು ಬರೆದಿಡದೆ ಕಾರಣವನ್ನು ಹೇಳಲಾಗದು ಎಂಬುದು ಮಲ್ಲೇಶ್ವರದ ಪಾಠ.

ಎರಡನೆಯದು ಇಂದಿರಾನಗರ. ಇದು ಮುಖ್ಯವಾಗಿ ವಾಸಕ್ಕೆಂದೇ ಯೋಜಿಸಿದ ಬಡಾವಣೆ. ಮಾಹಿತಿ ತಂತ್ರಜ್ಞಾನದ ಉದ್ಯಮವು ನಗರದಲ್ಲಿ ಬೆಳೆದಂತೆ ಇಲ್ಲಿಯ ನೂರಡಿ ರಸ್ತೆಯ ಮನೆಗಳು ಅಂಗಡಿ, ಹೋಟೆಲು, ಕಚೇರಿಗಳಾಗಿ ಮಾರ್ಪಟ್ಟವು. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೋ ಮಾರ್ಗ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ ಓಡಿದ್ದು ಈ ಬಡಾವಣೆಯ ಮೂಲಕವೇ. ಇಲ್ಲಿ ರಸ್ತೆಯ ಬದಿಯ ಮನೆ ಬಿಟ್ಟುಹೋದ ಮಾಲೀಕನು ಒಳ್ಳೆಯ ಬಾಡಿಗೆಯನ್ನೋ ಬೆಲೆಯನ್ನೋ ಪಡೆದು ಹೋದನು. ಬಡಾವಣೆಗಿಂತ ಹಳೆಯವಾದ ಹಳ್ಳಿಗಳು ಇದೇ ಪ್ರದೇಶದ ನಡುವೆ ಸಿಕ್ಕಿಕೊಂಡಿವೆ; ಅಲ್ಲಿಯ ಕಿರುಗಲ್ಲಿಗಳ ಬಾಡಿಗೆದಾರನು ಹೋದರೆ ಬರಿಗೈಯಲ್ಲಿಯೇ ಹೋಗುತ್ತಾನೆ. ಹೋದವರೆಲ್ಲರೂ ಸೋತವರಲ್ಲ, ಮಾಲೀಕನನ್ನೂ ಬಾಡಿಗೆದಾರನನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬಾರದು ಎಂಬುದು ಇಂದಿರಾನಗರದ ಪಾಠ.

ಗಮನಿಕೆಯ ಕ್ರಮ

1. ಸುಮಾರು ನೂರು ಬಾಗಿಲುಗಳಿರುವ ಒಂದು ರಸ್ತೆಯನ್ನು ಆರಿಸಿಕೊಳ್ಳಿ. ಹೋಲಿಕೆಗಾಗಿ, ಅಷ್ಟೇ ಹಳೆಯದಾದರೂ ಬದಲಾವಣೆ ಕಡಿಮೆಯಿರುವ ಇನ್ನೊಂದು ರಸ್ತೆಯೂ ಇರಲಿ. ನಗರವೆಲ್ಲಕ್ಕೂ ಸಾಮಾನ್ಯವಾದ ಬೆಲೆಯೇರಿಕೆ ಯಾವುದು, ಈ ರಸ್ತೆಗೇ ವಿಶಿಷ್ಟವಾದ ಬದಲಾವಣೆ ಯಾವುದು ಎಂಬುದು ಆಗ ತಿಳಿಯುತ್ತದೆ.

2. ರಸ್ತೆಯ ನಕ್ಷೆಯನ್ನು ಬರೆದು, ಪ್ರತಿಯೊಂದು ಕಟ್ಟಡಕ್ಕೂ ಸಂಖ್ಯೆ ಕೊಟ್ಟು, ಅಂತಸ್ತುಗಳನ್ನೂ ಉಪಯೋಗವನ್ನೂ ಗುರುತುಹಾಕಿ. ಹೊರಗೋಡೆಯ ವಿದ್ಯುತ್ ಮೀಟರುಗಳು ಕಾಣುವಂತಿದ್ದರೆ ಎಣಿಸಿ. ಎಂಟು ಮೀಟರುಗಳಿದ್ದ ಕಡೆ ಎರಡು ದೊಡ್ಡ ಮೀಟರುಗಳು ಬಂದಿದ್ದರೆ, ಒಲೆಗಳು ಎಷ್ಟು ಆರಿದವೆಂಬುದರ ಸ್ಥೂಲವಾದ ಅಂದಾಜು ದೊರೆಯುತ್ತದೆ.

3. ಅಂಗಡಿಗಳನ್ನು ಎರಡು ಗುಂಪುಮಾಡಿ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ಪಂಕ್ಚರ್ ಅಂಗಡಿ, ಚಪ್ಪಲಿ ಹೊಲಿಯುವವನ ಪೆಟ್ಟಿಗೆ, ನಿಂತು ಕಾಫಿ ಕುಡಿಯುವ ಹೋಟೆಲು ನಿತ್ಯದ ಅಗತ್ಯಗಳ ಗುಂಪು. ದೂರದವರು ವಾಹನದಲ್ಲಿ ಬಂದು ಹೋಗುವ ಅಂಗಡಿಗಳದು ಇನ್ನೊಂದು ಗುಂಪು. ಹಿಟ್ಟಿನ ಗಿರಣಿ ಮುಚ್ಚಿದ ರಸ್ತೆಯಲ್ಲಿ ರಾಗಿ, ಗೋಧಿ ಬೀಸಿಸುವ ಮನೆಗಳು ಕಡಿಮೆಯಾಗಿರಬಹುದು. ಜನರು ಪೊಟ್ಟಣದ ಹಿಟ್ಟಿಗೆ ತಿರುಗಿರಲೂಬಹುದು. ಒಂದೇ ಚಿಹ್ನೆಯನ್ನು ನಂಬಬಾರದು.

4. ಗೇಟುಗಳ ಮೇಲಿನ ಫಲಕಗಳನ್ನು ಓದಿ. ‘ಮನೆ ಬಾಡಿಗೆಗೆ ಇದೆ’, ‘ಭೋಗ್ಯಕ್ಕೆ ಇದೆ’, ‘ಪಿ.ಜಿ.’, ‘ಕಚೇರಿಗೆ ಸೂಕ್ತ’: ಇವುಗಳ ಪ್ರಮಾಣವನ್ನು ಬರೆದಿಡಿ. ಸಂಸಾರಕ್ಕೆ ಕೊಡುವ ಮನೆಗಳು ಕಡಿಮೆಯಾಗುತ್ತಿವೆಯೇ ಎಂಬುದು ಇವುಗಳಿಂದ ಮೊದಲು ತಿಳಿಯುತ್ತದೆ. ಮುದ್ರಾಂಕ ಮತ್ತು ನೋಂದಣಿ ಇಲಾಖೆ ಪ್ರಕಟಿಸುವ ಮಾರ್ಗಸೂಚಿ ದರಗಳನ್ನು ಇವುಗಳ ಜೊತೆಗಿಟ್ಟು ನೋಡಿ.

5. ಬೆಳಗಿನ ಆರರಿಂದ ಎಂಟು ಗಂಟೆಯವರೆಗೆ ರಸ್ತೆಯ ತುದಿಯಲ್ಲಿ ನಿಂತು ನೋಡಿ. ಮನೆಗೆಲಸದವರು, ಇಸ್ತ್ರಿ ಮಾಡುವವರು, ಹೂ ಮಾರುವವರು ಎಲ್ಲಿಂದ ಬರುತ್ತಾರೆ? ಹಿಂದೆ ಪಕ್ಕದ ಗಲ್ಲಿಯಿಂದ ನಡೆದು ಬರುತ್ತಿದ್ದವರು ಈಗ ಎರಡು ಬಸ್ಸುಗಳನ್ನು ಹಿಡಿದು ಬರುತ್ತಿದ್ದರೆ, ಅವರ ದುಡಿಮೆ ಬಡಾವಣೆಗೆ ಇನ್ನೂ ಬೇಕಾಗಿದೆ, ಅವರ ಮನೆಗೆ ಮಾತ್ರ ಅಲ್ಲಿ ಜಾಗವಿಲ್ಲ ಎಂದಾಯಿತು. ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಮುಖ್ಯವಾದ ಚಿಹ್ನೆ ಬೇರೊಂದಿಲ್ಲ.

6. ಹೋದವರ ಗುರುತುಗಳನ್ನು ಹುಡುಕಿ. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ವರ್ಷವರ್ಷದ ಮಕ್ಕಳ ಸಂಖ್ಯೆಯನ್ನೂ, ವರ್ಷದ ನಡುವೆ ವರ್ಗಾವಣೆ ಪತ್ರ ಪಡೆದವರ ಸಂಖ್ಯೆಯನ್ನೂ ವಿನಯದಿಂದ ಕೇಳಿ. ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡುಗಳ ಸಂಖ್ಯೆ, ಅಂಗನವಾಡಿಯಲ್ಲಿ ಮಕ್ಕಳ ಸಂಖ್ಯೆ ತಿಳಿಯಬಹುದು. ಸಂಖ್ಯೆಗಳು ಸಾಕು, ಯಾರ ಹೆಸರನ್ನೂ ಬರೆದುಕೊಳ್ಳಬೇಡಿ. ಮಕ್ಕಳು ಖಾಸಗಿ ಶಾಲೆಗೆ ಸೇರಿದ್ದರಿಂದಲೂ ಶಾಲೆಯ ಸಂಖ್ಯೆ ಇಳಿಯಬಹುದು. ಶಾಲೆ, ನ್ಯಾಯಬೆಲೆ ಅಂಗಡಿ, ಅಂಗನವಾಡಿ ಮೂರೂ ಕೂಡಿ ಇಳಿದಿದ್ದರೆ ಸಂಶಯಕ್ಕೆ ಬಲ ಬರುತ್ತದೆ.

7. ಆರು ತಿಂಗಳಿಗೊಮ್ಮೆ, ಅದೇ ವಾರದ ದಿನ, ಅದೇ ಹೊತ್ತಿಗೆ, ಅದೇ ಪಟ್ಟಿಯನ್ನು ಮತ್ತೆ ತುಂಬಿ, ದಿನಾಂಕವನ್ನು ತಪ್ಪದೆ ಬರೆಯಿರಿ. ಒಂದು ಸಲದ ಗಮನಿಕೆಯು ಒಂದು ಚಿತ್ರ ಮಾತ್ರ. ಎರಡು ದಿನಾಂಕಗಳ ನಡುವಣ ವ್ಯತ್ಯಾಸದಲ್ಲಿಯೇ ಹೋದವರು ಕಾಣಿಸಿಕೊಳ್ಳುತ್ತಾರೆ.

ತೀರ್ಮಾನದಲ್ಲಿ ಎಚ್ಚರ

ಹಣ ಬಂದ ಚಿಹ್ನೆಗಳು ಹಲವಿದ್ದು, ಜನ ಹೋದ ಚಿಹ್ನೆಗಳು ಇಲ್ಲದಿದ್ದರೆ “ಏಳಿಗೆ” ಎಂದು ಬರೆಯಿರಿ. ಜನ ಹೋಗಿದ್ದು, ಹಣ ಬಾರದಿದ್ದರೆ “ಕ್ಷೀಣತೆ” ಎಂದು ಬರೆಯಿರಿ. ಎರಡೂ ಇದ್ದು, ಹಣ ಮೊದಲು ಬಂದು ಜನ ಆಮೇಲೆ ಹೋದದ್ದು ದಿನಾಂಕಗಳಿಂದ ಸಿದ್ಧವಾದರೆ ಮಾತ್ರ “ನೆಲೆಪಲ್ಲಟವಿರಬಹುದು” ಎಂದು ಬರೆಯಿರಿ. ಹೋದವರಲ್ಲಿ ಒಬ್ಬಿಬ್ಬರನ್ನಾದರೂ ಕಂಡು, ಏಕೆ ಹೋದಿರೆಂದು ಕೇಳಿ ತಿಳಿದ ಬಳಿಕ ‘ಇರಬಹುದು’ ಎಂಬುದನ್ನು ತೆಗೆದುಹಾಕಬಹುದು. ಬಂದವರ ಮೇಲೆ ದ್ವೇಷವೂ ಬೇಡ. ಕಾಫಿಯ ಅಂಗಡಿ ತೆರೆದ ತರುಣನೂ, ಕಚೇರಿಗೆ ಹತ್ತಿರವೆಂದು ಮನೆ ಹಿಡಿದ ನೌಕರನೂ ಅವರವರ ಬದುಕನ್ನು ನೋಡಿಕೊಂಡಿದ್ದಾರೆ. ನಾವು ಅಳೆಯಹೊರಟಿರುವುದು ಬಾಡಿಗೆಯ ಅಂತರವನ್ನು ಮತ್ತು ಅದರ ಭಾರವನ್ನು ಹೊತ್ತವರನ್ನು.

ವಡಗೇರಾದಲ್ಲಿ ಏನು ಮಾಡಬಹುದು?

ಹಿಂದೆ ಶಹಾಪುರ ತಾಲ್ಲೂಕಿಗೆ ಸೇರಿದ್ದ ವಡಗೇರಾ, 2017ರಲ್ಲಿ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಒಂದು. ತಾಲ್ಲೂಕು ಕೇಂದ್ರವಾದ ಊರಿಗೆ ಕಚೇರಿಗಳು ಬರುತ್ತವೆ, ನೌಕರರು ಬರುತ್ತಾರೆ, ಮುಖ್ಯರಸ್ತೆಯ ಮಳಿಗೆಗಳಿಗೆ ಬೇಡಿಕೆ ಹುಟ್ಟುತ್ತದೆ. ಇದು ಬೆಳವಣಿಗೆಯೇ ಆಗಿ ಉಳಿಯುವುದೋ, ರಸ್ತೆಬದಿಯ ಗುಡಾರದ ವ್ಯಾಪಾರಿಯನ್ನೂ ಬಾಡಿಗೆಯ ಸಂಸಾರವನ್ನೂ ಊರ ಹೊರಕ್ಕೆ ತಳ್ಳುವುದೋ ಎಂಬುದನ್ನು ಮುಂಚಿತವಾಗಿ ಹೇಳಲಾಗದು. ಆದರೆ ಇಲ್ಲಿಯ ವಿದ್ಯಾರ್ಥಿಗೆ ಬೆಂಗಳೂರಿನ ವಿದ್ಯಾರ್ಥಿಗಿಲ್ಲದ ಒಂದು ಅನುಕೂಲವಿದೆ. ಇಂದಿರಾನಗರದಲ್ಲಿ ಈಗ ಪುಸ್ತಕ ಹಿಡಿದು ನಿಂತವನಿಗೆ ಮೊದಲಿನ ಪಟ್ಟಿ ದೊರೆಯುವುದಿಲ್ಲ; ಅವನು ಹಳಬರ ನೆನಪುಗಳನ್ನು ಆಶ್ರಯಿಸಬೇಕು. ಸಣ್ಣ ಊರಿನಲ್ಲಿ ಮೊದಲಿನ ಪಟ್ಟಿಯನ್ನು ಈಗಲೇ ತಯಾರಿಸಿಕೊಳ್ಳಬಹುದು.

ಬಸ್ ನಿಲ್ದಾಣದ ಬಳಿಯ ಒಂದು ರಸ್ತೆ, ಅದರಿಂದ ದೂರದ ಒಂದು ಓಣಿ, ಒಂದು ನೋಟುಪುಸ್ತಕ, ಇಬ್ಬರು ಮೂವರು ಗೆಳೆಯರು ಇಷ್ಟಿದ್ದರೆ ಸಾಕು. ಬೇಸಗೆಯಲ್ಲಿ ದುಡಿಯಲು ಬೆಂಗಳೂರಿಗೆ ಹೋಗಿರುವ ಕುಟುಂಬಗಳ ಮನೆಗಳು ಆಗ ಬೀಗ ಹಾಕಿರುತ್ತವೆ. ಅವುಗಳನ್ನು ‘ಖಾಲಿ’ ಎಂದು ಬರೆಯದೆ ‘ವಲಸೆ’ ಎಂದು ಬೇರೆ ಗುರುತಿನಿಂದ ಸೂಚಿಸಬೇಕು. ಪಟ್ಟಿ ತುಂಬಿದ ಮೇಲೆ ಅದರ ಒಂದು ಪ್ರತಿಯನ್ನು ಶಾಲೆಯ ಅಥವಾ ಕಾಲೇಜಿನ ಗ್ರಂಥಾಲಯದಲ್ಲಿಡಿ. ಐದು ವರ್ಷಗಳ ಬಳಿಕ ಅದೇ ರಸ್ತೆಗೆ ಇಳಿಯುವ ಹೊಸ ವಿದ್ಯಾರ್ಥಿಗಳಿಗೆ, ಇಲ್ಲಿ ಯಾರು ಇದ್ದರು ಎಂಬುದನ್ನು ತಿಳಿಸಲು ಆಗ ಒಂದು ದಾಖಲೆಯಾದರೂ ಇರುತ್ತದೆ.