ಚೊಚ್ಚಲ ಹೆರಿಗೆಗೆ ಮುಂಚೆ ಮನೆಯವರು ಮಾಡತಕ್ಕ ಸಿದ್ಧತೆ



ನಮ್ಮ ಹಳ್ಳಿಗಳಲ್ಲಿ ಚೊಚ್ಚಲ ಬಸುರಿಯಾದ ಹೆಣ್ಣುಮಗಳನ್ನು ಏಳನೆಯ ಇಲ್ಲವೆ ಒಂಬತ್ತನೆಯ ತಿಂಗಳಲ್ಲಿ ತವರುಮನೆಗೆ ಕರೆದುಕೊಂಡು ಬರುವ ವಾಡಿಕೆಯುಂಟು. ಇದು ಒಳ್ಳೇ ವಾಡಿಕೆಯೇ ಸರಿ. ಹೆತ್ತ ತಾಯಿಯ ಕೈಯ ಊಟವೂ ಹುಟ್ಟಿ ಬೆಳೆದ ಮನೆಯ ನೆರಳೂ ದೊರಕಿದರೆ ಆಕೆಯ ಅಂಜಿಕೆಯು ಎಷ್ಟೋ ಕಡಿಮೆಯಾಗುವದು. ಆದರೆ ಸೀರೆ, ಬಳೆ, ಹೂವು, ಸಿಹಿತಿಂಡಿ ಇವುಗಳನ್ನು ಕುರಿತು ವಾರಗಟ್ಟಲೆ ಮಾತಾಡುವ ಬೀಗರು, ಹೆರಿಗೆಯು ಯಾವ ಸ್ಥಳದಲ್ಲಿ ಆಗಬೇಕು, ನಡುರಾತ್ರಿಯಲ್ಲಿ ನೋವು ಬಂದರೆ ಆಕೆಯನ್ನು ಯಾರು ಕರೆದುಕೊಂಡು ಹೋಗಬೇಕು ಎಂಬ ಎರಡು ಮಾತುಗಳನ್ನು ಮಾತ್ರ ಆಡದೆ ಬಿಡುತ್ತಾರೆ. ಈ ಪಾಠದಲ್ಲಿ ನಾವು ಮುಖ್ಯವಾಗಿ ಅವುಗಳನ್ನೇ ವಿಚಾರಿಸುವೆವು.

2001ರಿಂದ 2003ರ ವರೆಗಿನ ಸರಕಾರದ ಲೆಕ್ಕದ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಮಕ್ಕಳು ಜೀವದಿಂದ ಹುಟ್ಟುವಷ್ಟರಲ್ಲಿ 228 ಮಂದಿ ತಾಯಂದಿರು ಮೃತರಾಗುತ್ತಿದ್ದರು. 2018ರಿಂದ 2020ರ ವರೆಗಿನ ಲೆಕ್ಕದಲ್ಲಿ ಆ ಸಂಖ್ಯೆಯು 69ಕ್ಕೆ ಇಳಿಯಿತು. ಇದಕ್ಕಾಗಿ ನಾವು ಕೃತಜ್ಞರಾಗಿರತಕ್ಕದ್ದು. ಆದರೂ ಆ 69 ಮಂದಿಯಲ್ಲಿ ಒಬ್ಬೊಬ್ಬಳೂ ಒಂದು ಮನೆಯ ಮಗಳು. ಹೀಗೆ ಸಾಯುವವರಲ್ಲಿ ಅನೇಕರು ಮಿತಿಮೀರಿದ ರಕ್ತಸ್ರಾವದಿಂದಲೋ, ರಕ್ತದೊತ್ತಡವು ಏರಿ ಬರುವ ಸೆಳೆತದಿಂದಲೋ, ನಂಜಿನಿಂದಲೋ ಸಾಯುತ್ತಾರೆ. ಇವು ಮೂರಕ್ಕೂ ಔಷಧವುಂಟು. ಹೆಚ್ಚಾಗಿ ಇಲ್ಲದೆ ಹೋದದ್ದು ಔಷಧವಲ್ಲ, ಹೊತ್ತು. ಈ ವಿಷಯವನ್ನು ಬಲ್ಲವರು ಮೂರು ತಡಗಳನ್ನು ಹೇಳುತ್ತಾರೆ: ಹೋಗಬೇಕೆಂದು ನಿಶ್ಚಯಿಸುವದರಲ್ಲಿ ತಡ, ಆಸ್ಪತ್ರೆಯನ್ನು ಮುಟ್ಟುವದರಲ್ಲಿ ತಡ, ಮುಟ್ಟಿದ ಮೇಲೆ ತಕ್ಕ ಉಪಚಾರ ದೊರಕುವದರಲ್ಲಿ ತಡ. ಮೂರನೆಯದು ನಮ್ಮ ಕೈಯಲ್ಲಿಲ್ಲ. ಮೊದಲನೆಯ ಎರಡು ಬಹುಮಟ್ಟಿಗೆ ಮನೆಯವರ ಕೈಯಲ್ಲಿ ಇವೆ. ಅವುಗಳನ್ನು ನೋವು ಬರುವದಕ್ಕೆ ಮುಂಚೆಯೇ ನೀಗಿಸಿಕೊಳ್ಳಬಹುದು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಗಾದೆಯನ್ನು ನಾವೆಲ್ಲರೂ ಬಲ್ಲೆವಷ್ಟೆ.

ಮೊದಲು ತಾಯಿ ಕಾರ್ಡಿನ ಸಂಗತಿ. ಗಂಡನ ಊರಿನಲ್ಲಿ ಆಶಾ ಕಾರ್ಯಕರ್ತೆಯು ಹೆಸರು ಬರೆಸಿ ಈ ಕಾರ್ಡನ್ನು ಕೊಡಿಸಿರುತ್ತಾಳೆ. ಹುಡುಗಿಯು ತವರಿಗೆ ಹೊರಡುವಾಗ ಪೆಟ್ಟಿಗೆ ತುಂಬ ಬಟ್ಟೆ ಬರುವದು, ಕಾರ್ಡು ಅತ್ತೆಯ ಮನೆಯ ಗೂಡಿನಲ್ಲಿ ಉಳಿಯುವದು! ಇದು ಸಣ್ಣ ಮರೆವಲ್ಲ. ಹೇಗಂದರೆ, ಆಕೆಯ ರಕ್ತದ ಗುಂಪು, ರಕ್ತದ ಬಲ, ಒತ್ತಡ, ತೂಕ, ಹಾಕಿಸಿದ ಚುಚ್ಚುಮದ್ದು, ದಿನ ತುಂಬುವ ತಾರೀಖು ಇವೆಲ್ಲವೂ ಅದರಲ್ಲಿ ಬರೆದಿರುತ್ತವೆ. ಅಪರಿಚಿತ ವೈದ್ಯರ ಮುಂದೆ ನೋವಿನಲ್ಲಿರುವ ಹೆಂಗಸು ಅವುಗಳನ್ನು ಬಾಯಿಂದ ಹೇಳಲಾರಳು, ಆಕೆಯ ತಾಯಿಗಂತೂ ಅವು ತಿಳಿಯವು. ಆದದರಿಂದ ಕಾರ್ಡನ್ನು ತರತಕ್ಕದ್ದು. ಬಂದ ವಾರದೊಳಗೆ ತವರೂರಿನ ಆಶಾ ಕಾರ್ಯಕರ್ತೆಗೆ ಅದನ್ನು ತೋರಿಸಿ, ಇಂಥವಳು ಹೆರಿಗೆಗೆ ಬಂದಿದ್ದಾಳೆಂದು ತಿಳಿಸತಕ್ಕದ್ದು. ಇಲ್ಲವಾದರೆ ಏನಾಗುವದಂದರೆ, ಆ ಊರಿನವರು ಈಕೆ ಹೋದಳೆಂದೂ ಈ ಊರಿನವರು ಈಕೆ ನಮ್ಮವಳಲ್ಲವೆಂದೂ ಎಣಿಸಿ, ಕಡೆಯ ಎರಡು ತಿಂಗಳ ಪರೀಕ್ಷೆಯು ತಪ್ಪಿಹೋಗುವದು. ಆ ಎರಡು ತಿಂಗಳುಗಳೇ ಹೆಚ್ಚು ಎಚ್ಚರಿಕೆ ಬೇಕಾದವು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುವ ಏರ್ಪಾಡುಂಟು. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ.

ಕಾರ್ಡಿನಲ್ಲಿ ಬರೆದದ್ದನ್ನು ಓದುವವರು ಮನೆಯಲ್ಲಿ ಒಬ್ಬರಾದರೂ ಇರಲಿ. ಹಿಮೋಗ್ಲೋಬಿನ್ ಎಂಬ ರಕ್ತದ ಬಲವು 11ಕ್ಕಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆ ಇದೆಯೆಂತಲೂ, 7ಕ್ಕಿಂತ ಕಡಿಮೆಯಾದರೆ ಅದು ಬಹು ಕಠಿಣವೆಂತಲೂ ತಿಳಿಯಬೇಕು. ರಕ್ತಹೀನಳಾದವಳು ಹೆರಿಗೆಯಲ್ಲಿ ಸ್ವಲ್ಪ ರಕ್ತ ಕಳಕೊಂಡರೂ ತಾಳಲಾರಳು. ಕಬ್ಬಿಣದ ಗುಳಿಗೆಗಳನ್ನು 180 ದಿವಸ ತಪ್ಪದೆ ನುಂಗಬೇಕೆಂದು ಕೊಟ್ಟಿರುತ್ತಾರೆ. ಮಲವು ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅನೇಕರು ಅವುಗಳನ್ನು ಡಬ್ಬಿಯಲ್ಲಿಯೇ ಇಟ್ಟುಬಿಡುತ್ತಾರೆ. ಮಲ ಕಪ್ಪಾಗುವದರಿಂದ ಕೆಡುಕಿಲ್ಲ. ರಾತ್ರಿ ಊಟವಾದ ಮೇಲೆ ನುಂಗಿದರೆ ತೊಳಸುವದು ಕಡಿಮೆಯಾಗುವದು; ಚಹ ಕಾಫಿಯೊಡನೆ ಮಾತ್ರ ನುಂಗಬಾರದು, ನಿಂಬೆಹಣ್ಣಿನ ಪಾನಕದೊಡನೆ ಒಳ್ಳೇದು. ರಕ್ತದ ಗುಂಪಿನ ಮುಂದೆ ನೆಗೆಟಿವ್ ಎಂದು ಬರೆದಿದ್ದರೆ ಅದನ್ನು ಹೆರಿಗೆ ಮಾಡಿಸುವವರಿಗೆ ಬಾಯಿಬಿಟ್ಟು ಹೇಳಬೇಕು. ಯಾಕಂದರೆ ಕೂಸಿನ ಗುಂಪು ಪಾಸಿಟಿವ್ ಆದರೆ ತಾಯಿಗೆ 72 ಗಂಟೆಯೊಳಗೆ ಒಂದು ಚುಚ್ಚುಮದ್ದನ್ನು ಕೊಡಬೇಕಾಗುವದು. ಅದು ತಪ್ಪಿದರೆ ಮೊದಲನೆಯ ಕೂಸಿಗೆ ಬಹುಶಃ ಏನೂ ಆಗಲಿಕ್ಕಿಲ್ಲ, ಮುಂದೆ ಹುಟ್ಟುವ ಕೂಸು ಗರ್ಭದಲ್ಲಿಯೇ ಕೇಡನ್ನು ಅನುಭವಿಸಬಹುದು.

ಇನ್ನು ಸ್ಥಳದ ವಿಷಯ. ನಮ್ಮ ನಾಡಿನ ಸೂಲಗಿತ್ತಿಯರನ್ನು ನಾವು ಹಳಿಯುವವರಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕೂಲಿಯಿಲ್ಲದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪದವಿಯನ್ನು ಹೊಂದಿದರು. ಅಂಥವರ ಕೈಯ ಹದವು ಪುಸ್ತಕದಿಂದ ಬರತಕ್ಕದ್ದಲ್ಲ. ಆದರೂ ಮಾಸು ಬಿದ್ದ ಮೇಲೆ ರಕ್ತವು ನಿಲ್ಲದೆ ಹರಿಯತೊಡಗಿದರೆ ಎಷ್ಟು ಜಾಣೆಯಾದ ಸೂಲಗಿತ್ತಿಯ ಬಳಿಯಲ್ಲಿಯೂ ರಕ್ತದ ಚೀಲವಿಲ್ಲ. ಒಂದೆರಡು ಗಂಟೆಗಳಲ್ಲಿಯೇ ಪ್ರಾಣ ಹೋಗಬಹುದು. ಎರಡನೆಯ ಮೂರನೆಯ ಹೆರಿಗೆಯಾದರೆ ಹಿಂದಿನದು ಹೇಗಾಯಿತೆಂಬ ಗುರುತಾದರೂ ಇರುವದು. ಚೊಚ್ಚಲಿಗೆ ಅಂಥ ಗುರುತು ಯಾವದೂ ಇಲ್ಲ. ಆದಕಾರಣ ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಲಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವು ಸಾಕೋ, ಶಸ್ತ್ರಕ್ರಿಯೆಯೂ ರಕ್ತವೂ ದೊರಕುವ ದೊಡ್ಡ ಆಸ್ಪತ್ರೆಯೇ ಬೇಕೋ ಎಂಬದನ್ನು ಎಂಟನೆಯ ತಿಂಗಳಿನಲ್ಲಿಯೇ ವೈದ್ಯರನ್ನು ಕೇಳಿ ನಿಶ್ಚಯಿಸಿರಿ. ಅವಳಿ ಮಕ್ಕಳಿದ್ದರೆ, ಕೂಸು ಅಡ್ಡವಾಗಿದ್ದರೆ, ಒತ್ತಡ ಏರಿದ್ದರೆ, ರಕ್ತ ಬಹಳ ಕಡಿಮೆಯಿದ್ದರೆ ಅವರು ದೊಡ್ಡ ಆಸ್ಪತ್ರೆಗೇ ಹೋಗಿರೆಂದು ಹೇಳುವರು. 2011ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಯೋಜನೆಯ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಬೇಕಾದರೆ ಶಸ್ತ್ರಕ್ರಿಯೆ, ಔಷಧ, ರಕ್ತ, ಊಟ ಇವೆಲ್ಲವೂ ಉಚಿತ. ಹಣವಿಲ್ಲವೆಂಬ ನೆವದಿಂದ ಮನೆಯಲ್ಲಿ ಕೂತಿರಬೇಕಾಗಿಲ್ಲ. ದೇವರ ಮೇಲೆ ಭಾರ ಹಾಕಿದ್ದೇವೆ, ಅವನೇ ನೋಡಿಕೊಳ್ಳುವನು ಎನ್ನುವವರೂ ನಮ್ಮಲ್ಲಿ ಇದ್ದಾರೆ. ಅವರು ಮಳೆಗಾಲಕ್ಕೆ ಮುಂಚೆ ಮನೆಯ ಹಂಚನ್ನು ಹೊದಿಸದೆ ಬಿಡುವದನ್ನು ನಾವು ನೋಡಲಿಲ್ಲ.

ಹೋಗುವ ದಾರಿಯನ್ನು ಕುರಿತು. ಕರ್ನಾಟಕದಲ್ಲಿ 2008ರಿಂದ 108 ಎಂಬ ಸಂಖ್ಯೆಗೆ ಫೋನು ಮಾಡಿದರೆ ಆಂಬುಲೆನ್ಸು ಬರುವದು. ಆದರೆ ಅದು ನಿಮ್ಮ ಬಾಗಿಲಿಗೆ ಬರಬೇಕಾದರೆ ನೀವು ಊರಿನ ಹೆಸರು, ತಿರುವಿನ ಗುರುತು, ಹತ್ತಿರದ ಶಾಲೆಯೋ ಅಂಗಡಿಯೋ ಇವುಗಳನ್ನು ತಡವರಿಸದೆ ಹೇಳಬೇಕು. ಅದು ಬಾರದಿದ್ದರೆ ಯಾರ ಜೀಪು, ಯಾರ ಆಟೋ ಎಂಬದನ್ನು ಆ ಮನುಷ್ಯನೊಡನೆ ಮಾತಾಡಿ, ಅವನ ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿರಿ. ಮಲೆನಾಡಿನ ಒಂಟಿಮನೆಗಳಲ್ಲಿ ಇರುವವರೂ, ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಟ್ಟುವ ಊರವರೂ ಇದರಿಂದಲೂ ತೃಪ್ತರಾಗಬಾರದು. ದಿನ ತುಂಬುವದಕ್ಕೆ ಎರಡು ವಾರ ಮುಂಚೆಯೇ ಪೇಟೆಯ ಬಳಿಯಲ್ಲಿರುವ ನೆಂಟರ ಮನೆಗೆ ಆಕೆಯನ್ನು ಸಾಗಿಸುವದು ಉತ್ತಮ.

ಹೇಳಲೇಬೇಕಾದ ಮತ್ತೊಂದು ಮಾತುಂಟು. ಗಂಡನು ಕೂಲಿಗಾಗಿ ಬೆಂಗಳೂರಿನಲ್ಲಿಯೋ ಗೋವೆಯಲ್ಲಿಯೋ ಇರುವನು. ಮಾವನು ಹೂಂ ಎನ್ನದೆ ಹೇಗೆ ಕರೆದುಕೊಂಡು ಹೋಗಲಿ ಎಂದು ತವರಿನವರು ಫೋನಿನ ಮೇಲೆ ಫೋನು ಮಾಡುತ್ತ ಕೂಡ್ರುವರು. ಆ ಅಪ್ಪಣೆಗಾಗಿ ಕಾದ ಹೊತ್ತು ತಿರಿಗಿ ಬಾರದು. ಆದದರಿಂದ ಗಂಡನೂ ಅತ್ತೆಮಾವಂದಿರೂ ಮುಂಚಿತವಾಗಿಯೇ, “ಆಸ್ಪತ್ರೆಗೆ ಹೋಗುವದಕ್ಕೆ ನಮ್ಮನ್ನು ಕೇಳಬೇಡಿರಿ, ಹೊರಟ ಮೇಲೆ ತಿಳಿಸಿರಿ” ಎಂದು ಸ್ಪಷ್ಟವಾಗಿ ಹೇಳಿಬಿಡಲಿ. ಶಸ್ತ್ರಕ್ರಿಯೆಗೆ ಪ್ರಾಯಕ್ಕೆ ಬಂದ ಹೆಂಗಸಿನ ಸ್ವಂತ ಒಪ್ಪಿಗೆಯೇ ನ್ಯಾಯದಲ್ಲಿ ಸಾಕಾಗಿರುವದು. ರಕ್ತ ಬೇಕಾದರೆ ಕೊಡತಕ್ಕ ಇಬ್ಬರು ಆರೋಗ್ಯವಂತರನ್ನೂ ಹೀಗೆಯೇ ಗೊತ್ತುಮಾಡಿರಿ. ರಕ್ತ ಕೊಟ್ಟ ಗಂಡಸು ಬಲಹೀನನಾಗಿ ದುಡಿಯಲಾರನೆಂಬದು ಬರೀ ಹೆದರಿಕೆ.

ಹುಟ್ಟದ ಕೂಸಿಗೆ ಬಟ್ಟೆ ತೊಟ್ಟಿಲು ಸಿದ್ಧಮಾಡಿದರೆ ಕೇಡೆಂದು ಕೆಲವು ಅಜ್ಜಿಯರು ಹೇಳುವರು. ಅವರೊಡನೆ ವಾದಿಸುವ ಅಗತ್ಯವಿಲ್ಲ. ಯಾಕಂದರೆ ಹೊಸ ಬಟ್ಟೆಯು ಬೇಕಾಗಿಯೇ ಇಲ್ಲ. ಮೆತ್ತಗಾದ ಹಳೇ ಪಂಚೆ, ಹಳೇ ಸೀರೆಗಳನ್ನು ಸಾಬೂನಿನಿಂದ ಒಗೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಒಂದು ಚೀಲದಲ್ಲಿ ಕಟ್ಟಿಡಿರಿ. ಕುಲಾವಿ ಒಂದು, ತಾಯಿಗೆ ಎರಡು ಜೊತೆ ಉಡುಪು, ತಾಯಿ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕ ಇವೂ ಅದೇ ಚೀಲದಲ್ಲಿರಲಿ. ಚೀಲವು ಬಾಗಿಲ ಬಳಿಯ ಗೂಟದಲ್ಲಿ ತೂಗಲಿ.

ಒಂಬತ್ತು ತಿಂಗಳು ಒಂಬತ್ತು ದಿನವೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ವೈದ್ಯರು ಕಡೆಯ ಮುಟ್ಟಿನ ಮೊದಲನೆಯ ದಿನದಿಂದ 280 ದಿನ ಎಣಿಸುತ್ತಾರೆ. ಆದರೂ ಗೊತ್ತುಮಾಡಿದ ದಿನದಲ್ಲಿಯೇ ಹುಟ್ಟುವ ಕೂಸುಗಳು ಕೊಂಚವೇ. ಮೂರು ವಾರ ಮುಂಚೆಯೂ ಬರಬಹುದು. ಕಡೆಯ ವಾರಗಳಲ್ಲಿ ಬಂದು ಬಂದು ಹೋಗುವ ಹುಸಿನೋವು ನಡೆದಾಡಿದರೆ, ಮಲಗಿದರೆ ಅಡಗುವದು. ನಿಜವಾದ ಹೆರಿಗೆ ನೋವು ಅಡಗದೆ, ಬರಬರುತ್ತ ಬಿರುಸಾಗಿ, ನಡುವಿನ ಬಿಡುವು ಕಡಿಮೆಯಾಗುತ್ತ ಬರುವದು. ಚೊಚ್ಚಲಿನಲ್ಲಿ ಅದು ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ನಡೆಯುವದುಂಟು. ಆದಕಾರಣ ಗಾಬರಿಯಾಗಬೇಡಿರಿ, ದಾರಿ ದೂರವಾಗಿದ್ದರೆ ಕಾಯಲೂ ಬೇಡಿರಿ. ನೋವಿಲ್ಲದೆಯೇ ಗರ್ಭದ ನೀರು ಹೋದರೆ ಹೊತ್ತನ್ನು ನೋಡಿಕೊಂಡು ಆಗಲೇ ಹೊರಡಿರಿ; ನೀರು ಹಸುರಾಗಿದ್ದರೆ ಅದನ್ನು ಹೇಳಿರಿ.

ತಿಂಗಳು ತುಂಬುವ ಮುಂಚೆಯೇ ಆಸ್ಪತ್ರೆಗೆ ಓಡಬೇಕಾದ ಗುರುತುಗಳೂ ಉಂಟು. ಸ್ವಲ್ಪವಾದರೂ ರಕ್ತ ಕಾಣುವದು, ಜ್ವರ, ಕೂಸಿನ ಮಿಸುಕಾಟ ಕಡಿಮೆಯಾಗುವದು. ಇವುಗಳನ್ನು ಎಲ್ಲರೂ ಬೇಗನೆ ನಂಬುತ್ತಾರೆ. ಬೇಗ ನಂಬದೆ ಇರುವದು ತಲೆನೋವು. ಬಿಡದ ತಲೆನೋವು, ಕಣ್ಣು ಮಂಜಾಗುವದು, ಮುಖವೂ ಕೈಗಳೂ ಊದಿಕೊಳ್ಳುವದು, ಎದೆಯ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು: ಇವು ರಕ್ತದೊತ್ತಡವು ಏರಿದ್ದರ ಗುರುತುಗಳು, ಚೊಚ್ಚಲ ಬಸುರಿಯರಲ್ಲಿಯೇ ಇವು ಹೆಚ್ಚು. ಅಲಕ್ಷ್ಯ ಮಾಡಿದರೆ ಕೈಕಾಲು ಸೆಳೆದು ಹಲ್ಲು ಕಚ್ಚುವಳು. ಆಗ ಗಾಳಿ ಸೋಕಿತೆಂದು ಮಂತ್ರಿಸುವವನ ಮನೆಗೆ ಒಯ್ಯುವವರು ಇಂದಿಗೂ ಇದ್ದಾರೆ. ಅದು ಗಾಳಿಯಲ್ಲ, ರೋಗ, ಅದಕ್ಕೆ ಚುಚ್ಚುಮದ್ದಿದೆ, ಆ ಮದ್ದು ಆಸ್ಪತ್ರೆಯಲ್ಲಿದೆ.

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ತಾಯಿಯ ಹೊಟ್ಟೆ ಕಟ್ಟುವದು ತಪ್ಪು; ರಾಗಿ, ಬೇಳೆ, ಸೊಪ್ಪು, ಮೊಟ್ಟೆ, ಹಾಲು ಇವುಗಳನ್ನು ಹೊಟ್ಟೆತುಂಬ ಕೊಡಿರಿ. ಬಾಣಂತಿಗೆ ನೀರು ಕೊಡದಿರುವ ಪದ್ಧತಿಯನ್ನೂ ಈಗಲೇ ಅಜ್ಜಿಯರೊಡನೆ ಮಾತಾಡಿ ಬಿಡಿಸಿಕೊಳ್ಳಿರಿ. ಹಾಲೂಡುವವಳಿಗೆ ಬಾಯಾರಿಕೆ ಹೆಚ್ಚು.

ಕೂಸು ಹುಟ್ಟಿದ ಮೊದಲನೆಯ ಗಂಟೆಯಲ್ಲಿ ಅದರ ಬಾಯಿಗೆ ಏನು ಹಾಕಬೇಕೆಂಬದನ್ನು ಕೂಡ ಮುಂಚಿತವಾಗಿಯೇ ತೀರ್ಮಾನಿಸಬೇಕು, ಯಾಕಂದರೆ ಆ ಗಂಟೆಯಲ್ಲಿ ಜೇನಿನ ಸೀಸೆ ಹಿಡಿದ ಕೈಗಳು ಬಹಳ. ಜೇನು, ಸಕ್ಕರೆ ನೀರು, ಹರಳೆಣ್ಣೆ ಇವು ಯಾವವೂ ಬೇಡ. ಒಂದು ವರುಷ ತುಂಬುವ ವರೆಗೆ ಜೇನು ಅಪಾಯಕರವಾದದ್ದು. ತಾಯಿಯ ಮೊದಲನೆಯ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರಿಗೆ ನಾವು ಒಂದು ಪ್ರಶ್ನೆ ಹಾಕುವೆವು: ಹಸು ಕರು ಹಾಕಿದಾಗ ಗಿಣ್ಣುಹಾಲನ್ನು ನೀವು ಚೆಲ್ಲುತ್ತೀರೋ? ನೆರೆಮನೆಗೆ ಕೊಟ್ಟು ಕಳುಹಿಸುವಷ್ಟು ಅದನ್ನು ಬೆಲೆಯುಳ್ಳದ್ದೆಂದು ಎಣಿಸುತ್ತೀರಲ್ಲಾ! ಕರುವು ಅದನ್ನು ಕುಡಿಯದಿದ್ದರೆ ಬಾಳುವದು ಕಷ್ಟವೆಂದು ಬಲ್ಲ ಒಕ್ಕಲಿಗನು ತನ್ನ ಮೊಮ್ಮಗುವಿಗೆ ಅದನ್ನು ತಪ್ಪಿಸಬಹುದೋ? ಕೂಸನ್ನು ಒರಸಿ ತಾಯಿಯ ಎದೆಯ ಮೇಲೆ ಬೆಚ್ಚಗೆ ಮಲಗಿಸಿ ಮೊದಲನೆಯ ಗಂಟೆಯೊಳಗೆ ಮೊಲೆಗೆ ಹಾಕಬೇಕು. ಮೊದಲನೆಯ ದಿನ ಸ್ನಾನ ಬೇಡ. ಹೊಕ್ಕಳಿಗೆ ಬೂದಿ, ಅರಿಸಿನ, ಎಣ್ಣೆ ಹಚ್ಚದೆ ಒಣಗಬಿಡಿರಿ. ಕಣ್ಣಿಗೆ ಕಾಡಿಗೆಯೂ ಬೇಡ.

ಹೆರಿಗೆಯಾದ ಅದೇ ಸಾಯಂಕಾಲ ಮನೆಗೆ ಕಳುಹಿಸಿರೆಂದು ವೈದ್ಯರನ್ನು ಪೀಡಿಸುವವರು ಬಹುಮಂದಿ. ದನಕ್ಕೆ ಮೇವಿಲ್ಲ, ಮನೆಯಲ್ಲಿ ಯಾರೂ ಇಲ್ಲ ಎಂಬ ಕಾರಣಗಳು ನಿಜವಾಗಿರಬಹುದು. ಆದರೆ ರಕ್ತ ಹರಿಯುವ ಭಯವು ಮೊದಲನೆಯ ಒಂದು ದಿನದಲ್ಲಿಯೇ ಹೆಚ್ಚು. ಆದದರಿಂದ ಎರಡು ದಿನ ತುಂಬುವ ವರೆಗೆ ಅಲ್ಲಿಯೇ ಇರತಕ್ಕದ್ದು. ಆ ಎರಡು ದಿನ ದನಗಳನ್ನು ಕಟ್ಟಿ ಹಾಲು ಕರೆಯುವವರು ಯಾರೆಂದು ನೆರೆಯವರನ್ನು ಈಗಲೇ ಕೇಳಿಡಿರಿ. ಹಿಂತಿರುಗಿ ಮನೆ ಸೇರಿಸುವ ವಾಹನವೂ ಉಚಿತವೇ. ಹೊರಡುವ ಮುಂಚೆ ಕೂಸಿಗೆ ಹಾಕಿದ ಮೊದಲನೆಯ ಲಸಿಕೆಗಳನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಿಕೊಂಡು ಬನ್ನಿರಿ.