ಮೈಗೆ ಹತ್ತದ ಊಟ ಯಾರ ಪಾಲು?

"ಚೆನ್ನಾಗಿಯೇ ಉಣ್ತಾನೆ, ಮೈಗೆ ಮಾತ್ರ ಹತ್ತಲ್ಲ" ಎನ್ನುವ ಅಮ್ಮಂದಿರೇ, ದೃಷ್ಟಿ ತೆಗೆಯುವ ಮುನ್ನ ಮಗುವಿನ ಉಗುರು, ಅಂಗಾಲು ನೋಡಿ.

ಕೊಳ್ಳೇಗಾಲದ ಹಿಪ್ಪುನೇರಳೆ ತೋಟವಿರಲಿ, ಹನೂರಿನ ಹೊಲವಿರಲಿ, ಯಳಂದೂರಿನ ಗದ್ದೆಬದುವಿರಲಿ, ಬಯಲಲ್ಲಿ ಮಲ ಬಿದ್ದ ಹಸಿಮಣ್ಣೇ ಜಂತುಹುಳುವಿನ ತವರು. ದುಂಡುಹುಳುವಿನ ಮೊಟ್ಟೆ ಉಗುರಿನ ಸಂದಿಯಿಂದ, ತೊಳೆಯದ ಸೊಪ್ಪಿನಿಂದ ಬಾಯಿ ಸೇರುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಶಾಲೆಯಲ್ಲಿ ತೂಕಡಿಸುತ್ತದೆ.

ತೋಟಕ್ಕೆ, ಕಕ್ಕಸಿಗೆ ಹೋಗುವಾಗ ಕಾಲಿಗೆ ಚಪ್ಪಲಿ ಇರಲಿ. ಊಟಕ್ಕೆ ಮುಂಚೆ, ಕಕ್ಕಸಿಗೆ ಹೋಗಿಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ. ವಾರಕ್ಕೊಮ್ಮೆ ಉಗುರು ಕತ್ತರಿಸಿ. ಕೂಸಿನ ಮಲವನ್ನು ತಿಪ್ಪೆಗೆ ಎಸೆಯಬೇಡಿ, ಕಕ್ಕಸಿಗೇ ಹಾಕಿ.

2015ರಿಂದ ದೇಶದಲ್ಲಿ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರವರಿ 10, ಆಗಸ್ಟ್ 10ರ ಆಸುಪಾಸಿನಲ್ಲಿ ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆ ಉಚಿತ. 2 ವರ್ಷದೊಳಗಿನವರಿಗೆ ಅರ್ಧ ಮಾತ್ರೆ ಪುಡಿಮಾಡಿ, ಉಳಿದವರಿಗೆ 400 ಮಿಲಿಗ್ರಾಂನ ಒಂದಿಡೀ ಮಾತ್ರೆ; 3 ವರ್ಷದೊಳಗಿನವರಿಗೆ ಅದನ್ನೂ ಪುಡಿಮಾಡಿಯೇ ಕೊಡಬೇಕು, ದೊಡ್ಡವರು ಅಗಿದು ನುಂಗಬೇಕು. ಅಂದು ಮಗುವಿಗೆ ಹುಷಾರಿಲ್ಲದಿದ್ದರೆ ಮೊದಲೇ ತಿಳಿಸಿ.

ಮಾತ್ರೆ ಒಳಗಿರುವ ಹುಳುವನ್ನು ಕಳಿಸುತ್ತದೆ, ಅಷ್ಟೆ. ಅದು ಮತ್ತೆ ಬಾರದಂತೆ ಕಾಯುವುದು ಸೋಪು, ಚಪ್ಪಲಿ, ಕಕ್ಕಸು.