ಮತ್ತೆ ಪಾಠಕ್ಕೆ ಕಳಿಸುವ ಪ್ರಶ್ನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಪ್ರೌಢಶಾಲೆ, ಪದವಿಪೂರ್ವ ತರಗತಿಗಳಲ್ಲಿ ಕನ್ನಡ ಕಲಿಸುತ್ತ ಬಂದವನು ನಾನು. ನಮ್ಮ ಮಕ್ಕಳಿಗೆ ಪ್ರಶ್ನೆ ಕೇಳಲು ಬರುವುದಿಲ್ಲ ಎಂಬ ಮಾತನ್ನು ಒಪ್ಪಲಾರೆ. ಜಾತ್ರೆಯಲ್ಲಿ, ಗೀಗೀ ಮೇಳದ ಮುಂದೆ, ಹೊಲದ ಬದುವಿನಲ್ಲಿ ಅವರು ಕೇಳುತ್ತಲೇ ಇರುತ್ತಾರೆ. ಪುಸ್ತಕ ತೆರೆದೊಡನೆ ಸುಮ್ಮನಾಗುತ್ತಾರೆ. ಪಾಠದ ಕೊನೆಗೆ ಪ್ರಶ್ನೆಗಳು ಅಚ್ಚಾಗಿಯೇ ಬಂದಿರುವಾಗ ತಾವು ಕೇಳುವುದೇನಿದೆ ಎಂದು ಅವರಿಗನಿಸುತ್ತದೆ. ಆ ಮೌನ ಮುರಿಯಲು ನೆರವಾದ ಕೆಲವು ಪಾಠಗಳಿವು.

1. ಪ್ರಶ್ನೆ ಓದುಗನನ್ನು ಮತ್ತೆ ಪಾಠಕ್ಕೆ ಕಳಿಸಬೇಕು

ಹತ್ತನೆಯ ತರಗತಿಯ ಮಕ್ಕಳು ಓದುವ 'ಹಲಗಲಿಯ ಬೇಡರು' ಲಾವಣಿಯನ್ನೇ ನೋಡಿ. ಹಲಗಲಿ ಮುಧೋಳ ತಾಲೂಕಿನ ಊರು, ರಾಮದುರ್ಗಕ್ಕೆ ದೂರವೇನಲ್ಲ. 1857ರಲ್ಲಿ ಹತಾರ ಒಪ್ಪಿಸಿರೆಂದು ಇಂಗ್ಲಿಷರು ಹುಕುಂ ಹೊರಡಿಸಿದರು, ಬೇಡರು ಒಪ್ಪಲಿಲ್ಲ, ದಂಡು ಬಂದು ಊರನ್ನು ಹಾಳುಗೆಡವಿತು. 'ಹಲಗಲಿಯ ನಾಲ್ವರು ಪ್ರಮುಖರು ಯಾರು?' ಎಂದರೆ ಹನುಮ, ಬಾಲ, ಜಡಗ, ರಾಮ ಎಂದು ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ಈ ಪ್ರಶ್ನೆಯೂ ಬೇಕು, ಪರೀಕ್ಷೆಯಿದೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಿಹೋಗುತ್ತದೆ.

ಬಳಿಕ ನಾನು ಹೇಳುವುದಿಷ್ಟು: ದಂಡು ಏನೇನು ದೋಚಿತು, ಪಟ್ಟಿ ಮಾಡಿ. ಕೊಡಲಿಯಿಂದ ಹಿಡಿದು ಉಪ್ಪು, ಎಣ್ಣೆ, ಅರಿಸಿನ, ಬೆಲ್ಲದವರೆಗೆ ಲಾವಣಿಕಾರ ಎಣಿಸುತ್ತಾನೆ. ಪಟ್ಟಿ ಬರೆಯುತ್ತಿದ್ದಂತೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹತಾರಕ್ಕಂತ ಬಂದವರು ಬೆಲ್ಲ ಯಾಕ ಒಯ್ದರ್ರೀ?" ಆಗ ಎಲ್ಲರೂ ಪುಟ ತಿರುವುತ್ತಾರೆ. ಇದನ್ನೆಲ್ಲ ಎಣಿಸಿದವರು ಯಾರು, ಅಡುಗೆಮನೆಯ ನಷ್ಟ ಕವಿಗೆ ಏಕೆ ಅಷ್ಟು ದೊಡ್ಡದು, ಅವನು ಯಾರ ಪರ ನಿಂತಿದ್ದಾನೆ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ.

2. ಯಾರ ಮಾತು ಕೇಳಿಬರಲಿಲ್ಲ, ಹುಡುಕಲು ಹೇಳಿ

'ಸಂಗ್ಯಾ ಬಾಳ್ಯಾ' ಬೈಲಹೊಂಗಲ ಸೀಮೆಯ ಸಣ್ಣಾಟ. ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾ ಮನಸ್ಸಿಡುತ್ತಾನೆ. ಕೊನೆಗೆ ಗೆಳೆಯ ಬಾಳ್ಯಾನೇ ಅವನನ್ನು ಹಗೆಗಳಿಗೆ ಒಪ್ಪಿಸುತ್ತಾನೆ. ಇದನ್ನು ಪಿಯುಸಿ ಮಕ್ಕಳೊಡನೆ ಓದುವುದು ಮೇಲು. 'ತಪ್ಪು ಯಾರದು?' ಎಂದು ಕೇಳಿದರೆ ಪಂಚಾಯ್ತಿ ಶುರುವಾಗುತ್ತದೆ, ಆಟ ಮರೆತುಹೋಗುತ್ತದೆ. ಅದರ ಬದಲು 'ಗಂಗಿ ತನ್ನ ಬಾಯಿಂದ ಹೇಳಿದ್ದೆಷ್ಟು, ಅವಳ ಬಗ್ಗೆ ಬೇರೆಯವರು ಹೇಳಿದ್ದೆಷ್ಟು?' ಎಂದು ಕೇಳಿದರೆ ಪ್ರತಿ ಮಾತನ್ನೂ ತೂಗಿ ನೋಡಬೇಕಾಗುತ್ತದೆ. ಹುಡುಗಿಯರು ಮೊದಲು ದನಿ ಎತ್ತುವುದು ಇಲ್ಲೇ.

3. ಹರದೇಶಿ-ನಾಗೇಶಿಯ ಕಟ್ಟಳೆಯನ್ನು ತರಗತಿಗೆ ತನ್ನಿ

ಒಂದು ಮೇಳ ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡಿ ಸವಾಲು ಹಾಕುವುದನ್ನು ನಮ್ಮ ಮಕ್ಕಳು ಕಂಡವರು. ಹಾಗೆಯೇ ಎರಡು ಗುಂಪು ಮಾಡಿ. ಕಟ್ಟಳೆ ಎರಡೇ: ಪಾಠದ ಸಾಲಿನ ಮೇಲೆ ಬೆರಳಿಟ್ಟೇ ಸವಾಲು ಹಾಕಬೇಕು, ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟೇ ಜವಾಬು ಕೊಡಬೇಕು.

4. ನಂಬಿಕೆಯ ಕಥೆಯನ್ನು ಗೌರವದಿಂದ ಕೇಳಿ

ಸವದತ್ತಿಯಲ್ಲಿ ರೇಣುಕೆ ಬರಿಯ ಪುರಾಣದ ಪಾತ್ರವಲ್ಲ; ಎಲ್ಲಮ್ಮನ ಗುಡ್ಡ ಕಣ್ಣೆದುರೇ ಇದೆ. ಇಂಥಲ್ಲಿ 'ಇದು ನಿಜವೇ?' ಎಂದರೆ ಮಗು ಮನೆಯವರನ್ನು ಬಿಟ್ಟುಕೊಡಬೇಕಾಗುತ್ತದೆ. 'ತಂದೆಯ ಮಾತಿನಂತೆ ತಾಯಿಯ ತಲೆ ಕಡಿದ ಪರಶುರಾಮ, ವರ ಬೇಡುವಾಗ ತಾಯಿಯ ಜೀವವನ್ನೇ ಏಕೆ ಬೇಡಿದ?' ಎಂದು ಕೇಳಿ. ಭಕ್ತಿಗೂ ಧಕ್ಕೆಯಿಲ್ಲ, ವಿಚಾರಕ್ಕೂ ದಾರಿ ತೆರೆಯುತ್ತದೆ.

5. ಒಂದೇ ಸಂಗತಿಯ ಹಲವು ಕಥನಗಳನ್ನು ಎದುರುಬದುರು ಇಡಿ

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಇಂಗ್ಲಿಷರ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ವಶವಾಯಿತು. 1829ರ ಫೆಬ್ರುವರಿಯಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಇತಿಹಾಸದ ಪಾಠ, ಲಾವಣಿ, ಬಿ. ಸರೋಜಾದೇವಿ ನಟಿಸಿದ 1961ರ ಚಲನಚಿತ್ರ, ಇವೆಲ್ಲ ಇದೇ ಕಥೆ ಹೇಳುತ್ತವೆ. ಯಾವುದು ಸರಿ ಎಂಬುದಕ್ಕಿಂತ 'ಯಾರು ಎಲ್ಲಿಂದ ಆರಂಭಿಸಿದರು, ಎಲ್ಲಿಗೆ ಮುಗಿಸಿದರು?' ಎಂಬುದು ಆಳದ ಪ್ರಶ್ನೆ. ಗೆಲುವಿನ ದಿನಕ್ಕೆ ನಿಲ್ಲಿಸಿದ ಕಥೆಯೂ ಸೆರೆಮನೆಯವರೆಗೆ ನಡೆದ ಕಥೆಯೂ ಬೇರೆಬೇರೆ. ಆರಂಭ, ಅಂತ್ಯಗಳನ್ನು ಯಾರೋ ಆಯ್ದಿದ್ದಾರೆ ಎಂದು ಒಮ್ಮೆ ತಿಳಿದ ವಿದ್ಯಾರ್ಥಿ ಪತ್ರಿಕೆಯನ್ನೂ ಆ ಕಣ್ಣಿಂದಲೇ ಓದುತ್ತಾನೆ.

6. ನಿಮ್ಮ ಉತ್ತರ ತಡೆಹಿಡಿಯಿರಿ

ಮಗು ಕೇಳಿದೊಡನೆ ಮಾಸ್ತರು ಉತ್ತರ ಕೊಟ್ಟರೆ ಆ ಪ್ರಶ್ನೆ ಅಲ್ಲೇ ಸಾಯುತ್ತದೆ. ಅದನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು ಮರುದಿನದವರೆಗೆ ಅಳಿಸದೆ ಬಿಡಿ. ನೋಟುಬುಕ್ಕಿನ ಕೊನೆಯ ಹಾಳೆಗಳನ್ನು ಮಕ್ಕಳ ಸ್ವಂತ ಪ್ರಶ್ನೆಗಳಿಗೇ ಮೀಸಲಿಡಿ. ಅವಕ್ಕೆ ಅಂಕ ಹಾಕಬೇಡಿ, ಓದಿದ ಗುರುತಿಗೆ ಸಹಿ ಮಾತ್ರ ಹಾಕಿ. ತನ್ನ ಪ್ರಶ್ನೆಯನ್ನು ದೊಡ್ಡವರೊಬ್ಬರು ಓದುತ್ತಾರೆಂಬ ಭರವಸೆ ಇದ್ದರೆ ಮಗು ಇನ್ನೊಂದನ್ನು ಬರೆಯುತ್ತದೆ. ನಾಳೆಯ ಪಾಠವನ್ನು ಆ ಹಾಳೆಯಿಂದಲೇ ಶುರುಮಾಡಿ.